ಆ ಕಲ್ಲಿಗೆ ಪ್ರೇಯಸಿ ಬೇಡ

ಪ್ರಿಯ ತಮ್ಮ,

ವೇಲ್ಸ್‌ನ ನೆವರ್ನ್ ಚರ್ಚಿನ ಕಲ್ಲುಗಳ ಬಗ್ಗೆ ನೀನು ಬರೆದ ಪ್ರಬಂಧದ ಎರಡೂ ಪ್ರತಿಗಳನ್ನು ಓದಿದೆ. ಕಾಗುಣಿತ, ಶೈಲಿ ಎಂದೆಲ್ಲ ಕೇಳಿದ್ದೀಯ. ಅವು ಬರೆಯುತ್ತ ಬರೆಯುತ್ತ ಕೈಗೆ ಹತ್ತುತ್ತವೆ, ಬಿಡು. "ಕಥೆ ಸಾಲದು" ಎಂದು ಪತ್ರಿಕೆಯವರು ಮೊದಲ ಪ್ರತಿಯನ್ನು ಮರಳಿಸಿದರೆಂದು ಎದೆಗುಂದಿ, ಎರಡನೆಯದರಲ್ಲಿ ಒಂದು ಕಲ್ಲಿನ ಮೇಲೆ ಹೆಸರಷ್ಟೇ ಉಳಿದಿರುವ ವಿಟಾಲಿಯಾನಸನಿಗೆ ಪ್ರೇಯಸಿಯೊಬ್ಬಳನ್ನು ಕಟ್ಟಿದ್ದೀಯಲ್ಲ, ನನಗೆ ಸಿಟ್ಟು ಬಂದದ್ದು ಅಲ್ಲಿ.

ಆ ಕಲ್ಲು ಆಡುವುದೇ ಎರಡು ಮಾತು: 'ವಿಟಾಲಿಯಾನಿ ಎಮೆರೆಟೊ'. ಮುಖದ ಮೇಲೆ ಲ್ಯಾಟಿನ್ ಅಕ್ಷರ, ಅಂಚಿನಲ್ಲಿ ಓಗಮ್ ಎಂಬ ಹಳೆಯ ಐರಿಷ್ ಲಿಪಿಯ ಗೀರುಗಳು. ಸುಮಾರು ಒಂದೂವರೆ ಸಾವಿರ ವರ್ಷದಿಂದ ಒಬ್ಬ ಮನುಷ್ಯನ ಹೆಸರು ಉಳಿದು ಬಂದಿದೆ. ಇಷ್ಟು ಸಾಲದೇ?

ಕಥೆಯೇ ಬೇಕೆಂದರೆ ಅದೇ ಅಂಗಳದಲ್ಲಿ ಸುಮಾರು ನಾಲ್ಕು ಮೀಟರ್ ಎತ್ತರದ ಶಿಲುಬೆಯಿದೆ, ಮೈತುಂಬ ಹೆಣಿಗೆಯ ಕೆತ್ತನೆ. ಏಪ್ರಿಲ್ 7, ಸಂತ ಬ್ರಿನಾಕ್‌ನ ದಿನ. ವರ್ಷದ ಮೊದಲ ಕುಕೂ ಹಕ್ಕಿ ಅಂದು ಶಿಲುಬೆಯ ನೆತ್ತಿಯಲ್ಲಿ ಕೂತು ಕೂಗುವ ತನಕ ಪಾದ್ರಿ ಪೂಜೆ ಶುರುಮಾಡುತ್ತಿರಲಿಲ್ಲವಂತೆ. ಒಂದು ವರ್ಷ ಜನ ಕಾದರು, ಕಾದರು. ಕೊನೆಗೆ ಬಂದ ಹಕ್ಕಿ ಒಂದೇ ಸಲ ಕೂಗಿ ಸತ್ತು ಬಿತ್ತು. (ನೀನು 'ಕೋಗಿಲೆ' ಎಂದು ಬರೆದಿದ್ದೀಯ. ಅದು ನಮ್ಮ ಮಾವಿನ ತೋಪಿನ ಕೋಗಿಲೆಯಲ್ಲ, ಅದರ ಬಳಗದ ಹಕ್ಕಿ. ತಿದ್ದು.) 1600ರ ಆಸುಪಾಸಿನಲ್ಲಿ ಇದನ್ನು ಬರೆದಿಟ್ಟ ಜಾರ್ಜ್ ಓವೆನ್ ಅದೇ ಸೀಮೆಯವನು. ಕೇಳಿದ್ದನ್ನು ಕೇಳಿದಂತೆ ಹೇಳಿ, ನಂಬಿದರೂ ಬಿಟ್ಟರೂ ನರಕಭಯವಿಲ್ಲ ಎಂದು ಸೇರಿಸಿದ. ಆ ಒಂದು ಸಾಲಿಗಾಗಿ ಅವನ ಮೇಲೆ ನನಗೆ ಬಹಳ ಗೌರವ.

ನನಗೆ ಆ ಬುದ್ಧಿ ಇರಲಿಲ್ಲ. ನಿನ್ನ ವಯಸ್ಸಿನಲ್ಲಿ ನಮ್ಮ ಕಡೆಯ ಒಂದು ವೀರಗಲ್ಲಿನ ಮೇಲೆ ಬರೆದೆ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಕೈಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಅದಕ್ಕೆ ಎಣ್ಣೆ ಹಚ್ಚುತ್ತಿದ್ದ ಅಜ್ಜಿ, "ಹೆಸರು ಗೊತ್ತಿಲ್ಲಪ್ಪ, ದನ ಬಿಡಿಸಲು ಹೋಗಿ ಸತ್ತವನು" ಎಂದಳು. ನನಗೆ ಅದು ಸಪ್ಪೆ ಎನಿಸಿತು. ಹೆಸರು ಕೊಟ್ಟೆ, ಹುಡುಗಿಯೊಬ್ಬಳಿಗಾಗಿ ಸಾಯಿಸಿದೆ. ಲೇಖನಕ್ಕೆ ಹೊಗಳಿಕೆಯ ಸುರಿಮಳೆ. ಹತ್ತು ವರ್ಷದ ಮೇಲೆ ಹೋದರೆ ಕಲ್ಲಿನ ಪಕ್ಕ ಹಳದಿ ಫಲಕ, ಅದರಲ್ಲಿ ನನ್ನ ಸುಳ್ಳು. ಅಜ್ಜಿ ತೀರಿಕೊಂಡಿದ್ದಳು. ಫಲಕ ತೆಗೆಸಲು ಎರಡು ಸಲ ಹೋಗಿ ಬೇಡಿಕೊಂಡೆ. "ನಮ್ಮ ತಾತನ ಕಾಲದಿಂದ ಕೇಳಿದ ಕಥೆ ಸ್ವಾಮಿ" ಎಂದು ಹುಡುಗರು ನನಗೇ ಹೇಳಿ ಕಳಿಸಿದರು.

ನಿನ್ನ ಮೊದಲ ಪ್ರತಿಯಲ್ಲಿ ಚರ್ಚಿನೊಳಗಿನ ಕಿಟಕಿಯ ಕಟ್ಟೆ ಬರುತ್ತದೆ. ಮ್ಯಾಗ್ಲೊಕೂನಸ್ ಎಂಬವನ ಹೆಸರಿರುವ ಇನ್ನೊಂದು ಹಳೆಯ ಕಲ್ಲನ್ನೇ ಅಡ್ಡ ಮಲಗಿಸಿ ಮಾಡಿದ್ದು. ಬಿಸಿಲು ಓರೆಯಾಗುವವರೆಗೆ ಕಾದು ಕೂತು ನೀನು ಅಂಚಿನ ಗೀರುಗಳನ್ನು ಒಂದೊಂದಾಗಿ ಎಣಿಸಿದೆ. ಅದನ್ನು ಓದುವಾಗ ನನ್ನ ಕಾಫಿ ಆರಿಹೋಗಿತ್ತು, ತಮ್ಮ. ಎರಡನೆಯ ಪ್ರತಿಯಲ್ಲಿ ಆ ಪುಟವನ್ನೇ ಕಿತ್ತುಹಾಕಿದ್ದೀಯ. ಅದನ್ನು ಮೊದಲಿದ್ದ ಜಾಗಕ್ಕೆ ಸೇರಿಸಿ ನನಗೆ ಕಳಿಸು.

ನಿನ್ನ,
ಹಿರಿಯ ಗೆಳೆಯ