ಓಡಾಟದ ಹೊಗೆಗೂ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಕಂಪನಿಗಳ ಪರಿಸರ ಕಾಳಜಿ ಅನ್ನೋದು ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವಾಗಲೇ ಶುರುವಾಗಬೇಕು. ಸಣ್ಣದೊಂದು ಸಂದರ್ಶನಕ್ಕೆ ಕೆಂಗೇರಿಯ ಹುಡುಗಿಯನ್ನು ಮೂರು ಸೆಟ್ ಜೆರಾಕ್ಸ್ ಜೊತೆ ಹೊರ ವರ್ತುಲ ರಸ್ತೆಯ ಟ್ರಾಫಿಕ್ ದಾಟಿ ಬೆಳ್ಳಂದೂರಿಗೆ ಕರೆಸಿ, 'ಆಮೇಲೆ ಹೇಳ್ತೀವಿ' ಅಂತ ಕಳಿಸುತ್ತಾರೆ. ಮೊದಲ ಸುತ್ತು ವಿಡಿಯೊದಲ್ಲೇ ಮುಗಿಸಬಹುದು ಅಲ್ವಾ?

ಷೇರುಪೇಟೆಯ ನಿಯಂತ್ರಕ ಸೆಬಿ 2022–23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಿಗೆ ಸುಸ್ಥಿರತೆಯ ವರದಿ, ಅಂದರೆ ಪರಿಸರ ಮತ್ತು ಸಮಾಜದ ಬಗೆಗಿನ ಹೊಣೆಯ ಲೆಕ್ಕ, ಕಡ್ಡಾಯ ಮಾಡಿದೆ. ಒಳ್ಳೆಯ ಕೆಲಸ. ಆದರೆ ನೌಕರರ ದಿನನಿತ್ಯದ ಓಡಾಟದ ಹೊಗೆಯನ್ನು ಅದರಲ್ಲಿ ತೋರಿಸಲೇಬೇಕು ಅಂತಿಲ್ಲ. ಬೆಂಗಳೂರಿನ ಮಟ್ಟಿಗೆ ಇದು ದೊಡ್ಡ ಲೋಪ, ಏಕೆಂದರೆ ಇಲ್ಲಿ ಜಾಸ್ತಿ ಹೊಗೆ ಬರೋದೇ ವಾಹನಗಳಿಂದ. ಅದನ್ನೂ ಕಡ್ಡಾಯ ಮಾಡಿದರೆ ಕಂಪನಿಗಳು ಕೆಲಸ ಕೊಡುವಾಗ ಹತ್ತಿರದವರಿಗೆ ಆದ್ಯತೆ ಕೊಡುತ್ತವೆ, ಮೆಟ್ರೊ ಪಾಸ್ ಕೊಡುತ್ತವೆ. ಹಾಗೇ ಕಚೇರಿಯ ಹಸಿ ಕಸ, ಒಣ ಕಸ ಬೇರೆ ಮಾಡುವ ಹೌಸ್‌ಕೀಪಿಂಗ್‌ನವರನ್ನು ಗುತ್ತಿಗೆಯಲ್ಲಿ ಇಡದೆ ಕಾಯಂ ಮಾಡಿಕೊಳ್ಳಲಿ.

– ಓದುಗರೊಬ್ಬರು, ಬನಶಂಕರಿ, ಬೆಂಗಳೂರು