ಹಳೆಯ ಜೀಪಿನ ದುರಸ್ತಿ ಯಾವುದು, ಮಾರ್ಪಾಡು ಯಾವುದು? ಸಾರಿಗೆ ಇಲಾಖೆ ಸ್ಪಷ್ಟಪಡಿಸಲಿ

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲು ಮುಗಿದ ಮೇಲೆ, ಮುಂಗಾರು ಹಿಡಿಯುವುದರೊಳಗೆ, ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ಅನೇಕ ಮನೆಗಳ ಶೆಡ್ಡಿನಲ್ಲಿ ಹಳೆಯ ಜೀಪಿನ ಕೆಲಸ ನಡೆಯುತ್ತದೆ. ತಳ ತುಕ್ಕು ಹಿಡಿದಿದ್ದರೆ ತಗಡು ಬೆಸೆಯುವುದು, ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಕೀಲಾದ ಕ್ರಾಸ್ ಸವೆದಿದ್ದರೆ ಬದಲಿಸುವುದು, ಹೊಸ ಬಣ್ಣ ಹೊಡೆಯುವುದು, ಸಾಧ್ಯವಾದರೆ ಒಂದಿಷ್ಟು ಬದಲಾವಣೆಯನ್ನೂ ಮಾಡಿಕೊಳ್ಳುವುದು ಇಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಇದರಲ್ಲಿ ಯಾವುದು ಕಾನೂನಿಗೆ ಒಪ್ಪಿತ ದುರಸ್ತಿ, ಯಾವುದು ಶಿಕ್ಷಾರ್ಹ ಮಾರ್ಪಾಡು ಎಂಬುದು ಮಾಲೀಕನಿಗೂ ಗೊತ್ತಿಲ್ಲ, ಮೆಕ್ಯಾನಿಕ್‌ಗೂ ಗೊತ್ತಿಲ್ಲ. ರಸ್ತೆಯಲ್ಲಿ ಗಾಡಿ ತಡೆಯುವ ಸಿಬ್ಬಂದಿಗೂ ಈ ವಿಷಯದಲ್ಲಿ ಒಂದೇ ಅಭಿಪ್ರಾಯ ಇದ್ದಂತಿಲ್ಲ. ಆದ್ದರಿಂದ ಈ ಪತ್ರ.

ಈ ವಾಹನಗಳನ್ನು ಜನ ಶೋಕಿಗಾಗಿ ಮಾತ್ರ ಇಟ್ಟುಕೊಂಡಿದ್ದಾರೆ ಎಂದು ಪೇಟೆಯವರು ಭಾವಿಸುವುದುಂಟು. ವಿಲ್ಲಿಸ್ ವಿನ್ಯಾಸದ ಸಿಜೆ-3ಬಿ, ಅದರ ಮುಂದಿನ ಪೀಳಿಗೆಯಾಗಿ ಪ್ಯೂಜೊ ಡೀಸೆಲ್ ಎಂಜಿನ್‌ನೊಂದಿಗೆ ಬಂದ ಮಹೀಂದ್ರಾ ಎಂಎಂ 540, 1985ರಲ್ಲಿ ಬಂದ ಮಾರುತಿ ಜಿಪ್ಸಿ, ಸೇನೆಯ ಹರಾಜಿನಲ್ಲಿ ಬಂದ ಜಬಲ್‌ಪುರದ ಜೋಂಗಾ ಇವೆಲ್ಲ ಇಂದಿಗೂ ಮಲೆನಾಡಿನಲ್ಲಿ ಗೊಬ್ಬರ, ಪಂಪ್‌ಸೆಟ್, ಕಾಫಿ ಚೀಲ, ಕೆಲವೊಮ್ಮೆ ಹೆರಿಗೆಗೆ ಹೊರಟ ಹೆಂಗಸನ್ನೂ ಹೊತ್ತು ಸಾಗುವ ಗಾಡಿಗಳು. ಮಂಡಲಪಟ್ಟಿಗೂ ಕೊಡಚಾದ್ರಿಗೂ ಪ್ರವಾಸಿಗರು ಹತ್ತುವುದು ಇಂಥ ಜೀಪುಗಳಲ್ಲೇ. ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟುಗಳಿಂದ ಕೂರಿಸಿದ ಬಾಡಿ, ನಾಲ್ಕೂ ಕಡೆ ಪ್ಲೇಟು ಸ್ಪ್ರಿಂಗ್, ಬಹುತೇಕವುಗಳಲ್ಲಿ ಕಂಪ್ಯೂಟರ್ ಇಲ್ಲದ ಎಂಜಿನ್, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿದರೆ ಸಿಗುವ ಬಿಡಿಭಾಗ: ಇಷ್ಟಿರುವುದರಿಂದ ಇವನ್ನು ಮನೆಯಲ್ಲೇ ಬಿಚ್ಚಿ ಜೋಡಿಸುವುದು ಸಾಧ್ಯವಾಗಿದೆ.

ದೆಹಲಿಯ ಸುದ್ದಿ ಓದಿ ನಮ್ಮಲ್ಲೂ ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲ್ ಗಾಡಿಗೆ 15 ವರ್ಷವೇ ಆಯುಷ್ಯ ಎಂದು ನಂಬಿ ಒಳ್ಳೆಯ ಜೀಪನ್ನು ಗುಜರಿಗೆ ಕೊಟ್ಟವರಿದ್ದಾರೆ. ಆ ಮಿತಿ ಬಂದದ್ದು ರಾಷ್ಟ್ರ ರಾಜಧಾನಿ ವಲಯದ ಗಾಡಿಗಳಿಗಾಗಿ. ಕರ್ನಾಟಕದಲ್ಲಿ ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದರೂ ತಪಾಸಣೆಯಲ್ಲಿ ಯೋಗ್ಯವೆಂದು ಕಂಡರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಶುಲ್ಕ ಮಾತ್ರ ಏರುತ್ತಲೇ ಇದೆ. 2022ರ ಏಪ್ರಿಲ್‌ನಿಂದ ಲಘು ವಾಹನದ ನವೀಕರಣಕ್ಕೆ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ ಅದನ್ನು 10,000 ರೂಪಾಯಿ ಮಾಡಲಾಯಿತು. ಇಷ್ಟು ಹಣ ತೆಗೆದುಕೊಳ್ಳುವ ಸರ್ಕಾರ ನಿಯಮವನ್ನೂ ಬಿಡಿಸಿ ಹೇಳಲಿ ಎಂದು ಕೇಳುವುದು ಅತಿಯಾಯಿತೆಂದು ನನಗನಿಸುವುದಿಲ್ಲ.

ಈಗಿರುವ ಕಾನೂನು ಹೀಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182-ಎ ಕಲಮು, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆ ಎಂಬ ವಿವರಣೆಯೂ 52ನೇ ಕಲಮಿನಲ್ಲಿದೆ. ಆದರೆ ಐವತ್ತು ವರ್ಷದ ಹಿಂದೆ ತಯಾರಾದ ಜೀಪಿನ ವಿಷಯದಲ್ಲಿ ‘ಮೂಲ ಲಕ್ಷಣ’ ಎಂಬುದರ ಅಂಚು ಎಲ್ಲಿ ಮುಗಿಯುತ್ತದೆ ಎಂದು ಹೇಳುವವರು ಯಾರು? ಆರ್‌ಟಿಒ ಕಚೇರಿಯ ಹೊರಗೆ ಕುಳಿತ ಏಜೆಂಟರು ಹೇಳುತ್ತಾರೆ, ದಿನಕ್ಕೊಂದು ತೆರನಾಗಿ.

ಬ್ರೇಕಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಹಳೆಯ ಸಿಜೆ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಅವಕ್ಕೆಲ್ಲ ಸೇರಿ ಒಂದೇ ಎಣ್ಣೆಯ ಮಾರ್ಗ. ಪೆಡಲ್ ಒತ್ತಿದಾಗ ಆ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಇರುವುದು ಚಾಲಕನ ಕಾಲಿನ ಅಡಿಯಲ್ಲಿ, ಚಾಸಿಗೆ ಅಂಟಿಕೊಂಡು. ಕೆಸರು, ನೀರು ಎರಡೂ ಅದರ ಮೇಲೇ ಬೀಳುತ್ತವೆ, ಎಣ್ಣೆ ಎಷ್ಟಿದೆ ಎಂದು ನೋಡಲು ನೆಲದ ಮುಚ್ಚಳ ತೆಗೆಯಬೇಕಾದ್ದರಿಂದ ತಿಂಗಳುಗಟ್ಟಲೆ ಯಾರೂ ನೋಡುವುದೂ ಇಲ್ಲ. ಯಾವುದೋ ಒಂದು ಚಕ್ರದ ಬಳಿಯ ಪೈಪು ತುಕ್ಕಿನಿಂದ ತೂತಾದರೆ ನಾಲ್ಕೂ ಚಕ್ರದ ಬ್ರೇಕು ಒಮ್ಮೆಗೇ ಹೋಗುತ್ತದೆ. ಚಾರ್ಮಾಡಿ ಅಥವಾ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಮಾರ್ಗವಿರುವ ಜೋಡಿ ಮಾಸ್ಟರ್ ಸಿಲಿಂಡರ್ ಕೂರಿಸಿಕೊಂಡರೆ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಈ ಬದಲಾವಣೆ ಕಾನೂನುಬಾಹಿರವೇ? ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಹಾಕಿದರೆ? ಮೂರು ಬಿಂದುಗಳ ಸೀಟ್ ಬೆಲ್ಟಿಗಾಗಿ ಕಂಬ ನಿಲ್ಲಿಸಿದರೆ? ಕಾನೂನಿಗೆ ಹೆದರುವ ಮಾಲೀಕ ಇವುಗಳಲ್ಲಿ ಯಾವುದಕ್ಕೂ ಕೈ ಹಾಕದೆ ಹಳೆಯ ಬ್ರೇಕಿನಲ್ಲೇ ಓಡಿಸುತ್ತಾನೆ. ಹೆದರದವನು ಬ್ರೇಕಿನ ಗೊಡವೆಗೆ ಹೋಗದೆ ದೊಡ್ಡ ಟಯರು ಹಾಕುತ್ತಾನೆ.

ಆ ಎರಡನೆಯವನ ಪರವಾಗಿ ನಾನು ವಾದಿಸುತ್ತಿಲ್ಲ. ಸಿಜೆ-3ಬಿಯ ಎರಡು ಆಕ್ಸಲ್‌ಗಳ ನಡುವಿನ ಅಂತರ ಕೇವಲ 80 ಇಂಚು, ಎಡಬಲ ಚಕ್ರಗಳ ನಡುವಿನ ಅಂತರ ಅದಕ್ಕಿಂತಲೂ ತೀರ ಕಡಿಮೆ, ಮೂಲ ಟಯರು 6.00-16 ಅಳತೆಯದು. ಇಂಥ ಗಿಡ್ಡ, ಕಿರಿದಾದ ಗಾಡಿಯ ಸ್ಪ್ರಿಂಗಿನಡಿ ಕಬ್ಬಿಣದ ತುಂಡು ಸೇರಿಸಿ ನಾಲ್ಕಾರು ಇಂಚು ಎತ್ತರಿಸಿ, ಮಡ್‌ಗಾರ್ಡ್‌ನಿಂದ ಹೊರಚಾಚುವ ಟಯರು ತೊಡಿಸಿದರೆ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ, ಅದೇ ಹಳೆಯ ಡ್ರಮ್ಮು ದೊಡ್ಡ ಚಕ್ರವನ್ನು ಹಿಡಿಯಲು ಹೆಣಗುತ್ತದೆ, ಮುಂದಿನ ಚಕ್ರ ಹೊರಳುವ ಕೀಲಿನ ಕಿಂಗ್ ಪಿನ್ ಬೇರಿಂಗ್ ಬೇಗ ಸವೆದು ಸ್ಟಿಯರಿಂಗ್ ಅಲುಗಾಡತೊಡಗುತ್ತದೆ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಮುಂದೆ ಬಿಗಿಯುವ ಕಬ್ಬಿಣದ ಬುಲ್‌ಬಾರ್ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಪಾದಚಾರಿಗೆ ಅದು ಏನು ಮಾಡುತ್ತದೆಂದು ಬಲ್ಲವರು ಆ ಸೂಚನೆಯನ್ನು ತಪ್ಪೆನ್ನಲಾರರು. ಸಾಮಾಜಿಕ ಜಾಲತಾಣದಲ್ಲಿ ಮೆರೆಯಲೆಂದು ಮಾಡುವ ಈ ಕೆಲಸಗಳಿಂದಲೇ ಪ್ರಾಮಾಣಿಕವಾಗಿ ದುರಸ್ತಿ ಮಾಡುವವರೂ ಅನುಮಾನಕ್ಕೆ ಗುರಿಯಾಗಿದ್ದಾರೆ ಎಂಬ ಸಿಟ್ಟು ನನಗಿದೆ.

ಮನೆಯಲ್ಲಿ ಕೆಲಸ ಮಾಡುವವರ ಜೀವದ ಪ್ರಶ್ನೆಯೂ ಇದರಲ್ಲಿ ಅಡಗಿರುವುದರಿಂದ ಒಂದೆರಡು ವಿಷಯಗಳನ್ನು ಇಲ್ಲೇ ಹೇಳಬೇಕಾಗಿದೆ. ವಿಲ್ಲಿಸ್ ಮಾದರಿಯ ಜೀಪಿನ ಕೈಬ್ರೇಕು ಹಿಂದಿನ ಚಕ್ರದಲ್ಲಿಲ್ಲ. ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಹಿಂದಿನ ಚಕ್ರಗಳತ್ತ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವ ಜಾಗದಲ್ಲಿದೆ. ಆದ್ದರಿಂದ ಕೈಬ್ರೇಕು ಎಳೆದಿದ್ದೇನೆಂಬ ಧೈರ್ಯದಿಂದ ಹಿಂದಿನ ಒಂದು ಚಕ್ರಕ್ಕೆ ಜಾಕು ಕೊಟ್ಟು ಎತ್ತಿದರೆ, ಎರಡು ಚಕ್ರಗಳನ್ನು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನ ಕಾರಣದಿಂದ ಆ ಎತ್ತಿದ ಚಕ್ರ ಗಾಳಿಯಲ್ಲಿ ತಿರುಗುತ್ತ ಗಾಡಿ ಉರುಳಬಲ್ಲದು. ಕ್ರಾಸ್ ಬದಲಿಸಲೆಂದು ಹಿಂದಿನ ಶಾಫ್ಟ್ ಬಿಚ್ಚಿದ ಕ್ಷಣದಿಂದ ಆ ಬ್ರೇಕಿಗೂ ಹಿಂದಿನ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ನಮ್ಮ ಕಡೆ ಸಮತಟ್ಟಾದ ಅಂಗಳವೇ ಅಪರೂಪವಾಗಿರುವಾಗ, ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಎರಡೂ ಬದಿಯಲ್ಲಿ ಅಡೆ ಕೊಡದೆ, ಚಾಸಿಗೆ ಗಟ್ಟಿ ಸ್ಟ್ಯಾಂಡ್ ಇಡದೆ ಕೆಳಗೆ ನುಸುಳುವುದು ಸಾವನ್ನು ಕರೆದಂತೆ. ಸಿಜೆಯಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಚಾಲಕನ ಸೀಟಿನ ಅಡಿಯಲ್ಲೇ ಎಂಬುದನ್ನು, ನೆಲದ ತಗಡಿಗೆ ವೆಲ್ಡಿಂಗ್ ಮಾಡಲು ಬರುವವರಿಗೆ ಮೊದಲೇ ತಿಳಿಸಿ ಟ್ಯಾಂಕನ್ನು ಕಳಚಿ ದೂರವಿಡಬೇಕು. ಟ್ಯಾಂಕು ಖಾಲಿಯಿದೆ ಎಂಬುದು ಸಮಾಧಾನದ ಮಾತಲ್ಲ. ಅದರಲ್ಲಿ ಉಳಿಯುವ ಆವಿಯೇ ಹೆಚ್ಚು ಅಪಾಯಕಾರಿ.

ಬಣ್ಣದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಹಳೆಯ ಜೀಪಿಗೆ ಸೇನೆಯ ಹಸಿರು ಹೊಡೆಸಬೇಕೆಂಬ ಆಸೆ ಬಹುತೇಕರಿಗೆ ಇರುತ್ತದೆ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರಾವುದಕ್ಕೂ ಆಲಿವ್ ಗ್ರೀನ್ ಬಣ್ಣ ಬಳಿಯುವಂತಿಲ್ಲ. ಹರಾಜಿನಲ್ಲಿ ಕೊಂಡ ಗಾಡಿಯೂ ಬಣ್ಣ ಬದಲಿಸಿಕೊಂಡೇ ರಸ್ತೆಗಿಳಿಯಬೇಕು. ಬೇರೆ ಬಣ್ಣ ಹೊಡೆಸಿದರೂ ಅದು ನೋಂದಣಿ ಪತ್ರದಲ್ಲಿ (ಆರ್‌ಸಿ) ಇರುವ ಬಣ್ಣಕ್ಕೆ ಹೊಂದದಿದ್ದರೆ ಆರ್‌ಟಿಒದಲ್ಲಿ ತಿದ್ದಿಸಿಕೊಳ್ಳಬೇಕು. ಇದನ್ನು ಪೇಂಟರ್‌ಗಳು ಹೇಳುವುದಿಲ್ಲ, ಗಿರಾಕಿಗಳು ಕೇಳುವುದಿಲ್ಲ. ಮನೆಯಲ್ಲೇ ಉಜ್ಜುವವರು ಚಾಸಿ ನಂಬರ್ ಕೊರೆದ ಜಾಗದ ಮೇಲೆ ಗ್ರೈಂಡರ್ ಆಡಿಸಿದರೆ ಅಥವಾ ಅದನ್ನು ಪುಟ್ಟಿಯಿಂದ ಮುಚ್ಚಿದರೆ, ಮುಂದೆ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು (ಪೆನ್ಸಿಲ್ ಪ್ರಿಂಟ್) ತೆಗೆಯುವಾಗ ಸಿಕ್ಕಿಬೀಳುತ್ತಾರೆ. ಕಳವಿನ ಗಾಡಿ ಎಂಬ ಸಂಶಯಕ್ಕೆ ಅಷ್ಟು ಸಾಕು.

ಹೊಳೆಯುವ ಬಣ್ಣದ ಬಗ್ಗೆ ನನಗೆ ಸ್ವಲ್ಪ ಅಪನಂಬಿಕೆಯೇ ಇದೆ. ತುಕ್ಕನ್ನು ಲೋಹ ಕಾಣುವವರೆಗೆ ಕೆರೆದು, ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಬೆಸೆದು, ಪ್ರೈಮರ್ ಹೊಡೆದ ಮೇಲೆ ಬರುವ ಬಣ್ಣ ಒಂದು ಬಗೆಯದು; ತೂತಿನ ಮೇಲೆ ಪುಟ್ಟಿ ಮೆತ್ತಿ, ವಾಟರ್ ಪೇಪರ್‌ನಿಂದ ನಯಗೊಳಿಸಿ ಹೊಡೆದದ್ದು ಇನ್ನೊಂದು ಬಗೆಯದು. ಎರಡನೆಯದು ಆಷಾಢ ಕಳೆಯುವುದರೊಳಗೆ ಗುಳ್ಳೆ ಎದ್ದು ಬಣ್ಣ ಬಯಲಾಗುತ್ತದೆ. ತೇವದ ಹವೆಯಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಹೊಡೆದರೆ ಅದು ಬಿಳಿಚಿಕೊಳ್ಳುವುದರಿಂದ, ಮಲೆನಾಡಿನವರು ಈ ಕೆಲಸಕ್ಕೆ ಬೇಸಗೆಯನ್ನು ಕಾಯುವುದು ಸರಿಯೇ. ಈಚೆಗೆ ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಬಾಡಿಗೆಯ ಕಂಪ್ರೆಸರ್ ತಂದು ಮನೆಯ ಶೆಡ್ಡಿನಲ್ಲೇ ಹೊಡೆಯುವುದು ಹೆಚ್ಚಾಗಿದೆ. ಆ ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಉಸಿರಿನೊಳಗೆ ಹೋದರೆ ಅಸ್ತಮಾ ಬರಬಹುದು, ಒಮ್ಮೆ ಬಂದರೆ ಅದು ಬಿಡದೆ ಕಾಡಬಹುದು. ಬಾಯಿಗೆ ಕಟ್ಟಿದ ಟವಲು ಇದನ್ನು ತಡೆಯುವುದಿಲ್ಲ. ಈ ಬಣ್ಣ ಸಿಂಪಡಿಸುವಾಗ ಮನೆಯ ಮಕ್ಕಳು ನೋಡುತ್ತ ನಿಲ್ಲುವುದನ್ನು ಕಂಡಿದ್ದೇನೆ.

ಇನ್ನು ಎಫ್‌ಸಿ (ವಾಹನ ಯೋಗ್ಯತಾ ಪ್ರಮಾಣಪತ್ರ) ಮಾಡಿಸಲು ಹೋದಾಗ ನಡೆಯುವ ತಪಾಸಣೆ. ನಾನು ಕಂಡ ಮಟ್ಟಿಗೆ, ಬಣ್ಣ ಹೊಸದಾಗಿದೆಯೇ, ದೀಪ ಉರಿಯುತ್ತದೆಯೇ, ಹಾರನ್ ಕೇಳುತ್ತದೆಯೇ ಎಂಬಷ್ಟರಲ್ಲೇ ಅದು ಮುಗಿಯುತ್ತದೆ. ಗಾಡಿಯ ಕೆಳಗೆ ಬಗ್ಗಿ ಬ್ರೇಕ್ ಪೈಪನ್ನು, ಸ್ಪ್ರಿಂಗನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಕೂರುವ ಜಾಗದ ತುಕ್ಕನ್ನು, ಸ್ಟಿಯರಿಂಗಿನ ಟೈ ರಾಡ್ ತುದಿಯ ಸಡಿಲನ್ನು ನೋಡಿದವರು ಕಡಿಮೆ. ಹೀಗಾಗಿ ಪುಟ್ಟಿ ಮೆತ್ತಿದ ಅಪಾಯಕಾರಿ ಜೀಪು ಪಾಸಾಗುತ್ತದೆ. ಗಟ್ಟಿ ಚಾಸಿಯ, ಒಳ್ಳೆಯ ಬ್ರೇಕಿನ, ಬಣ್ಣ ಮಾಸಿದ ಜೀಪು ವಾಪಸು ಬರುತ್ತದೆ.

2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮ ಇದಕ್ಕೆ ಪರಿಹಾರವೆಂದು ಕೆಲವರು ಹೇಳುತ್ತಾರೆ. ಅದು 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದ ಗಾಡಿಗಳಿಗೆ ಇರುವುದು. ನೋಂದಣಿಗೆ 20,000 ರೂಪಾಯಿ ಕಟ್ಟಿದ ಮೇಲೆ ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕಾರಣಗಳಿಗಷ್ಟೇ ರಸ್ತೆಗೆ ತರಬಹುದು. ದಿನವೂ ತೋಟಕ್ಕೆ ಹೋಗುವ ಜೀಪಿಗೆ ಅದರಿಂದ ಉಪಯೋಗವಿಲ್ಲ. ಇನ್ನೊಂದು ತುದಿಯಲ್ಲಿ, ಹರಿಯಾಣದ ಮಂಡಿ ಡಬವಾಲಿಯಂಥ ಊರುಗಳಲ್ಲಿ ಹೊಸ ಬಾಡಿ, ಯಾವುದೋ ಎಂಜಿನ್, ಯಾವುದೋ ಹಳೆಯ ಕಾಗದ ಸೇರಿಸಿ ಜೋಡಿಸಿದ ಜೀಪುಗಳನ್ನು ಕೊಂಡು ತರುವವರಿದ್ದಾರೆ. ಅವನ್ನೂ ಮನೆಯಲ್ಲಿ ದುರಸ್ತಿಯಾದ ಗಾಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಸಾರಿಗೆ ಇಲಾಖೆಗೆ ನನ್ನ ಮನವಿ ಇಷ್ಟು. ಹಳೆಯ ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಯಾವ ಕೆಲಸ ಸಾಮಾನ್ಯ ದುರಸ್ತಿ, ಯಾವುದಕ್ಕೆ ಮುಂಚಿತ ಅನುಮತಿ ಅಗತ್ಯ, ಯಾವುದು ನಿಷಿದ್ಧ ಎಂಬುದನ್ನು ಕನ್ನಡದಲ್ಲಿ ಪ್ರಕಟಿಸಿ ಎಲ್ಲ ಆರ್‌ಟಿಒ ಕಚೇರಿಗಳ ಗೋಡೆಗೆ ಹಚ್ಚಬೇಕು. ಜೋಡಿ ಮಾಸ್ಟರ್ ಸಿಲಿಂಡರ್, ಡಿಸ್ಕ್ ಬ್ರೇಕು, ಸೀಟ್ ಬೆಲ್ಟ್, ಮಗುಚಿದಾಗ ಪ್ರಯಾಣಿಕರನ್ನು ಕಾಯುವ ಕಮಾನು ಇಂಥ ಸುರಕ್ಷತೆಯ ಬದಲಾವಣೆಗಳನ್ನು ಪರಿಶೀಲಿಸಿ ಆರ್‌ಸಿಯಲ್ಲಿ ನಮೂದಿಸಿಕೊಡುವ ವ್ಯವಸ್ಥೆಯನ್ನು ಮಾಡಬೇಕು. ಇದಕ್ಕೆ ಕೇಂದ್ರದ ನಿಯಮವೇ ತೊಡಕೆಂದಾದರೆ ರಾಜ್ಯವು ಕೇಂದ್ರಕ್ಕೆ ಬರೆಯಲಿ. ಚಿಕ್ಕಮಗಳೂರು, ಹಾಸನ, ಮಡಿಕೇರಿ ಕಚೇರಿಗಳಲ್ಲಿ ಮಳೆಗಾಲಕ್ಕೆ ಮುನ್ನ ಹಳೆಯ ಜೀಪುಗಳನ್ನು ರ್‍ಯಾಂಪಿನ ಮೇಲೆ ನಿಲ್ಲಿಸಿ, ಕೆಳಗಿನಿಂದ ನೋಡಿ, ಕೊರತೆಯನ್ನು ಬರಹದಲ್ಲಿ ಕೊಟ್ಟು, ಸರಿಪಡಿಸಿಕೊಂಡು ಬರಲು ಕಾಲಾವಕಾಶ ನೀಡುವ ತಪಾಸಣೆಯನ್ನು ಪ್ರತಿವರ್ಷ ನಡೆಸಿದರೆ, ನವೀಕರಣಕ್ಕೆಂದು ಕಟ್ಟುವ ಹತ್ತು ಸಾವಿರ ರೂಪಾಯಿಯ ಬಗ್ಗೆ ತಕರಾರು ಮಾಡುವವರಲ್ಲಿ ನಾನಂತೂ ಇರುವುದಿಲ್ಲ.

ಇಂತು ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು