ಜೂನ್ 1ರಿಂದ ಸ್ಯಾಂಡ್‌ವಿಚ್ ಸ್ಟಫಿಂಗ್ ನಮ್ಮ ಅಡುಗೆಮನೆಯದ್ದೇ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಜೂನ್ 1ರಿಂದ ನಮ್ಮ ಮೈಸೂರಿನ ಕೌಂಟರ್‌ನಲ್ಲಿ ಸ್ಯಾಂಡ್‌ವಿಚ್‌ಗಳು ಬದಲಾಗುತ್ತವೆ. ಚಿಕನ್ ಸಲಾಮಿ ಮತ್ತು ಕಾರ್ನ್ ಮೇಯೋ, ಇವೆರಡನ್ನು ಪೂರ್ತಿ ನಿಲ್ಲಿಸುತ್ತಿದ್ದೇವೆ. ಪನೀರ್ ಸ್ಯಾಂಡ್‌ವಿಚ್ ಬೆಲೆ 70 ರೂಪಾಯಿಯಿಂದ 85 ಆಗುತ್ತದೆ. ಅದು ಬೆಳಿಗ್ಗೆ 11ಕ್ಕೆ ಮುಂಚೆ ಸಿಗುವುದಿಲ್ಲ, ಖಾಲಿಯಾದರೆ ಆ ದಿನಕ್ಕೆ ಅಷ್ಟೇ. ವೆಜ್ ಸ್ಯಾಂಡ್‌ವಿಚ್ ಮತ್ತು ಆಲೂ ಮಸಾಲಾ ಹಳೆಯ ಬೆಲೆಗೇ ಸಿಗುತ್ತವೆ.

ಬೆಲೆ ಏರಿದೆ ಎಂದು ಒಂದು ಚೀಟಿ ಅಂಟಿಸಿ ಸುಮ್ಮನಿರಬಹುದಿತ್ತು. ಆದರೆ ಈ ಬದಲಾವಣೆ ಶುರುವಾಗಿದ್ದೇ ನಿಮ್ಮ ಪ್ರಶ್ನೆಗಳಿಂದ. "ಅಕ್ಕಾ, ಇದು ಹಾಲಿನ ಪನೀರೇನಾ?" ಎಂದು ಕಾಲೇಜು ಮಕ್ಕಳು ಕೇಳುತ್ತಾರೆ. "ಮೇಯೋದಲ್ಲಿ ಮೊಟ್ಟೆ ಇದೆಯೇನಮ್ಮ?" ಎಂದು ಹಿರಿಯರು ಕೇಳುತ್ತಾರೆ. ಮಗುವಿಗೆ ಸೋಯಾ ಆಗಲ್ಲ, ಸಲಾಮಿಯಲ್ಲಿ ಸೋಯಾ ಇದೆಯಾ ಎಂದು ಒಬ್ಬ ತಾಯಿ ಕೇಳಿದ್ದರು. ಕೇಳುವವರಿಗೆ ಸರಿಯಾದ ಉತ್ತರ ಸಿಗಬೇಕು. ಹೊರಗಿನಿಂದ ಬರುವ ಸ್ಟಫಿಂಗ್ ವಿಷಯದಲ್ಲಿ ನಮಗೆ ಗೊತ್ತಿರುವುದು ಪ್ಯಾಕೆಟ್ ಮೇಲೆ ಬರೆದಿರುವಷ್ಟು ಮಾತ್ರ. ಬಿಡಿಯಾಗಿ ಬರುವುದಾದರೆ ಅಷ್ಟೂ ಇಲ್ಲ. ಈ ಕೌಂಟರ್ ನಡೆಸುವ ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಇದನ್ನು ಚರ್ಚಿಸಿ ಒಂದು ತೀರ್ಮಾನಕ್ಕೆ ಬಂದೆವು. ಒಳಗೆ ಏನಿದೆ ಎಂದು ನಾವೇ ಪೂರ್ತಿ ಹೇಳಲಾಗದ ಯಾವುದನ್ನೂ ಇನ್ನು ಬ್ರೆಡ್ ನಡುವೆ ಇಡುವುದಿಲ್ಲ.

ಮೊದಲು ಪನೀರ್ ವಿಷಯ, ಯಾಕೆಂದರೆ ಜಾಸ್ತಿ ಅನುಮಾನ ಇರುವುದೇ ಅದರ ಬಗ್ಗೆ.

ಮಾರುಕಟ್ಟೆಯಲ್ಲಿ ನೋಡಲು ಪನೀರ್ ತರಹವೇ ಇರುವ ಇನ್ನೊಂದು ಪದಾರ್ಥವಿದೆ. ಅದಕ್ಕೆ ಅನಲಾಗ್ ಎನ್ನುತ್ತಾರೆ. ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆಯಂಥ ಸಸ್ಯದ ಎಣ್ಣೆ, ಅದರ ಜೊತೆ ಹಾಲಿನ ಪುಡಿ, ಕೆಲವು ಸಲ ಪಿಷ್ಟ, ಎಲ್ಲ ಹೊಂದಿಕೊಳ್ಳಲು ಎಮಲ್ಸಿಫೈಯರ್ ಸೇರಿಸಿ ಮಾಡುತ್ತಾರೆ. ಅದನ್ನು ಮಾರುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಪನೀರ್ ಎಂದು ಹೆಸರಿಟ್ಟು ಮಾರುವಂತಿಲ್ಲ, ಅಷ್ಟೇ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಪನೀರ್‌ನಲ್ಲಿ ನೀರಿನಂಶ 60 ಶೇಕಡಾ ಮೀರಬಾರದು. ನೀರು ತೆಗೆದು ಉಳಿದದ್ದರಲ್ಲಿ ಕನಿಷ್ಠ ಅರ್ಧದಷ್ಟು ಹಾಲಿನ ಕೊಬ್ಬೇ ಇರಬೇಕು. ಕಡಿಮೆ ಕೊಬ್ಬಿನ ಪನೀರ್‌ಗೆ ಬೇರೆ ಲೆಕ್ಕವಿದೆ, ಆದರೆ ಅದನ್ನು ಹಾಗೆಂದೇ ಹೇಳಿ ಮಾರಬೇಕು.

ತೊಂದರೆ ಇರುವುದು ಇಲ್ಲೇ. ಪ್ಯಾಕೆಟ್ ಮೇಲೆ ಎಲ್ಲ ಸರಿಯಾಗಿ ಬರೆದಿದ್ದರೂ ಆ ಲೇಬಲ್ ಬರುವುದು ಹೋಟೆಲಿನ ಅಡುಗೆಮನೆ ತನಕ ಮಾತ್ರ. ಅಲ್ಲಿ ಪ್ಯಾಕೆಟ್ ಕತ್ತರಿಸಿ ಬುಟ್ಟಿಗೆ ಹಾಕುತ್ತಾರೆ. ನಿಮ್ಮ ತಟ್ಟೆಗೆ ಬರುವಾಗ ಅದು ಮೆನುವಿನಲ್ಲಿರುವ ಹೆಸರು ಹೊತ್ತು ಬರುತ್ತದೆ. ಮಸಾಲೆ ಹಚ್ಚಿ, ಗ್ರಿಲ್ ಮಾಡಿ, ಮೇಲೆ ಪುದೀನಾ ಚಟ್ನಿ ಸವರಿದ ಮೇಲೆ ನಾಲಿಗೆಗೆ ವ್ಯತ್ಯಾಸ ತಿಳಿಯುವುದು ಬಹಳ ಕಷ್ಟ. ತಿನ್ನುವವರು ದುಡ್ಡು ಕೊಟ್ಟಿರುವುದು ಪನೀರ್‌ಗೆ. ಅವರಿಗೆ ಪನೀರ್ ಸಿಗಬೇಕು.

ಬೆಲೆ ನೋಡಿ ಸ್ವಲ್ಪ ಅಂದಾಜು ಮಾಡಬಹುದು. ಒಂದು ಲೀಟರ್ ಹಸುವಿನ ಹಾಲು ಒಡೆದರೆ ಸುಮಾರು 150ರಿಂದ 180 ಗ್ರಾಂ ಪನೀರ್ ಬರುತ್ತದೆ. ಎಮ್ಮೆ ಹಾಲಾದರೆ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ಒಂದು ಕಿಲೋ ಪನೀರ್‌ಗೆ ಸುಮಾರು ಐದರಿಂದ ಏಳು ಲೀಟರ್ ಹಾಲು ಬೇಕು. ಹಾಲು ಲೀಟರ್‌ಗೆ 50 ರೂಪಾಯಿ ಅಂದುಕೊಂಡರೂ ಹಾಲಿಗೇ 250ರಿಂದ 350 ರೂಪಾಯಿ ಆಯಿತು. ಗ್ಯಾಸ್, ಕೂಲಿ, ಐಸು, ಸಾಗಾಟ ಬೇರೆ. ಇದಕ್ಕಿಂತ ತೀರಾ ಕಡಿಮೆಗೆ ಪನೀರ್ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಹೇಗೆ ಸಾಧ್ಯ ಎಂದು ಕೇಳಬೇಕಲ್ವಾ? ಅಂಥ ದರಪಟ್ಟಿ ಹಿಡಿದು ನಮ್ಮ ಬಾಗಿಲಿಗೂ ಬಂದಿದ್ದಾರೆ. ನಾವು ತೆಗೆದುಕೊಂಡಿಲ್ಲ.

ಇಲ್ಲಿಯವರೆಗೆ ಲೈಸೆನ್ಸ್ ಇರುವ ಡೈರಿಯಿಂದ ಬಿಲ್ ಸಮೇತ ಪನೀರ್ ತರುತ್ತಿದ್ದೆವು. ಅವರ ಮೇಲೆ ನಮಗೆ ದೂರಿಲ್ಲ. ಇನ್ನು ಮುಂದೆ ನಾವೇ ಮಾಡುತ್ತೇವೆ. ಹಾಲು ನಂದಿನಿಯದ್ದು, 4.5 ಶೇಕಡಾ ಕೊಬ್ಬಿರುವ ಶುಭಂ. ಚೆನ್ನಾಗಿ ಕಾಯಿಸಿ, ಸ್ವಲ್ಪ ಆರಿಸಿ, ಹಿಂದಿನ ದಿನದ ಹುಳಿ ಬಂದ ಪನೀರ್ ನೀರು ಹಾಕಿ ಒಡೆಯುತ್ತೇವೆ. ಅದು ಸಾಲದಿದ್ದರೆ ನಿಂಬೆರಸ. ಬಟ್ಟೆಯಲ್ಲಿ ಸೋಸಿ, ಮೇಲೆ ಭಾರ ಇಟ್ಟು, ಆಮೇಲೆ ತಣ್ಣೀರಿನಲ್ಲಿ ಮುಳುಗಿಸುತ್ತೇವೆ. ಇದಕ್ಕೆ ಹೊತ್ತು ಬೇಕು. ಬೆಳಿಗ್ಗೆ 11ಕ್ಕೆ ಮುಂಚೆ ಸಿಗುವುದಿಲ್ಲ ಎಂದದ್ದು ಅದಕ್ಕೇ. ಅಂಗಡಿಯ ಪನೀರ್‌ನಷ್ಟು ಅಚ್ಚುಕಟ್ಟಾದ ಚೌಕ ಇದರಲ್ಲಿ ಬರುವುದಿಲ್ಲ. ತುಂಡುಗಳ ಅಂಚು ಸ್ವಲ್ಪ ಉದುರುತ್ತದೆ. ರುಚಿ ಮಾತ್ರ ಹಾಲಿನದ್ದೇ.

15 ರೂಪಾಯಿ ಏರಿಕೆಯಲ್ಲಿ ಹೆಚ್ಚಿನ ಪಾಲು ಹಾಲಿನದ್ದು. 2025ರ ಏಪ್ರಿಲ್ 1ರಂದು ನಂದಿನಿ ಹಾಲು ಲೀಟರ್‌ಗೆ 4 ರೂಪಾಯಿ ಏರಿತು. ಆಗ ನಾವು ಸ್ಯಾಂಡ್‌ವಿಚ್ ಬೆಲೆ ಮುಟ್ಟಿರಲಿಲ್ಲ. ಉಳಿದದ್ದು ಪನೀರ್ ಮಾಡಲು ಬೇಗ ಬರುವ ಸದಸ್ಯೆಯರ ಕೂಲಿಗೆ. ಅವರ ಕೆಲಸಕ್ಕೆ ತಕ್ಕ ದುಡ್ಡು ಕೊಡದೆ ಒಳ್ಳೆಯ ಪನೀರ್ ಕೊಡುತ್ತೇವೆ ಎನ್ನುವುದು ಸರಿಯಲ್ಲ.

ಅಯೋಡಿನ್ ಟೆಸ್ಟ್ ಬಗ್ಗೆ ಹಲವರು ಕೇಳಿದ್ದೀರಿ. ಪನೀರ್ ತುಂಡನ್ನು ನೀರಲ್ಲಿ ಕುದಿಸಿ, ಆರಿಸಿ, ಎರಡು ಮೂರು ಹನಿ ಅಯೋಡಿನ್ ಹಾಕಿದರೆ, ಪಿಷ್ಟ ಇದ್ದಾಗ ನೀಲಿ ಬಣ್ಣ ಬರುತ್ತದೆ. ಎಫ್‌ಎಸ್‌ಎಸ್‌ಎಐ ಕೂಡ ಇದನ್ನು ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಎಂದು ಹೇಳಿದೆ. ಆದರೆ ಎರಡು ವಿಷಯ ನೆನಪಿರಲಿ. ಸ್ಯಾಂಡ್‌ವಿಚ್‌ನಿಂದ ಎತ್ತಿದ ತುಂಡಿನ ಮೇಲೆ ಈ ಪರೀಕ್ಷೆ ಮಾಡಬೇಡಿ. ಟಿಕ್ಕಾ ಮಸಾಲೆಯಲ್ಲಿ ಕಡಲೆಹಿಟ್ಟು ಇರುತ್ತದೆ, ಪಕ್ಕದಲ್ಲಿ ಬ್ರೆಡ್ ಇರುತ್ತದೆ. ಎರಡರಲ್ಲೂ ಪಿಷ್ಟ ಇದೆ. ಪನೀರ್ ಎಷ್ಟೇ ಶುದ್ಧವಾಗಿದ್ದರೂ ನೀಲಿ ಬರುತ್ತದೆ, ಸುಮ್ನೆ ಗಾಬರಿ ಆಗುತ್ತದೆ. ಇನ್ನೊಂದು, ನೀಲಿ ಬರಲಿಲ್ಲ ಎಂದರೆ ಪಿಷ್ಟ ಇಲ್ಲ ಎಂದಷ್ಟೇ ಅರ್ಥ. ತಾಳೆ ಎಣ್ಣೆ ಇದ್ದರೆ ಅಯೋಡಿನ್‌ಗೆ ಅದು ಗೊತ್ತಾಗುವುದೇ ಇಲ್ಲ.

ಎಣ್ಣೆ ಪತ್ತೆಗೆ ಲ್ಯಾಬ್ ಬೇಕು. ಹಾಲಿನ ಕೊಬ್ಬಿನಲ್ಲಿ ಬ್ಯುಟಿರಿಕ್ ಆಮ್ಲ ಇರುತ್ತದೆ, ಹಬೆಯ ಜೊತೆ ಮೇಲೇಳುವ ಗುಣ ಅದರದ್ದು. ತಾಳೆ ಎಣ್ಣೆಯಲ್ಲಿ ಅಂಥದ್ದು ಇಲ್ಲವೆನ್ನುವಷ್ಟು ಕಡಿಮೆ. ಇಂಥ ಆಮ್ಲ ಎಷ್ಟಿದೆ ಎಂದು ಅಳೆದು ಕೊಡುವ ಅಂಕಿಗೆ ಆರ್‌ಎಂ ವ್ಯಾಲ್ಯೂ ಎನ್ನುತ್ತಾರೆ. ಬೇರೆ ಎಣ್ಣೆ ಬೆರೆತಷ್ಟೂ ಅಂಕಿ ಇಳಿಯುತ್ತದೆ. ತುಪ್ಪ ಪರೀಕ್ಷೆ ಮಾಡುವವರಿಗೆ ಇದು ಹಳೆಯ ವಿದ್ಯೆ. ಇನ್ನು ಮುಂದೆ ಮೂರು ತಿಂಗಳಿಗೊಮ್ಮೆ ನಮ್ಮ ಪನೀರ್ ಅನ್ನು ಮಾನ್ಯತೆ ಇರುವ ಲ್ಯಾಬ್‌ಗೆ ಕೊಟ್ಟು, ಬಂದ ವರದಿಯನ್ನು ಕೌಂಟರ್ ಪಕ್ಕ ಹಾಕುತ್ತೇವೆ. ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇರುವ ಊರು ನಮ್ಮದು. ಆಹಾರದಲ್ಲಿ ಏನಿದೆ ಎಂದು ಕೇಳುವ ಅಭ್ಯಾಸ ಮೈಸೂರಿನವರಿಗೆ ಇದ್ದರೆ ಅದು ಹೆಮ್ಮೆಯ ವಿಷಯ.

ಹಾಗಂತ ಲ್ಯಾಬ್ ಒಂದರಿಂದಲೇ ಎಲ್ಲ ಅನುಮಾನವೂ ಬಗೆಹರಿಯುತ್ತದೆ ಎಂದಲ್ಲ. 2021ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಬ್‌ವೇ ಕಂಪನಿಯ ಟ್ಯೂನಾ ಸ್ಯಾಂಡ್‌ವಿಚ್‌ನಲ್ಲಿ ಟ್ಯೂನಾ ಮೀನೇ ಇಲ್ಲ ಎಂದು ಕೇಸು ಹಾಕಿದ್ದರು. ಕಂಪನಿ ಅದನ್ನು ಖಡಾಖಂಡಿತವಾಗಿ ಅಲ್ಲಗಳೆಯಿತು. ಅದೇ ವರ್ಷ ಒಂದು ಪತ್ರಿಕೆ ಸ್ಯಾಂಡ್‌ವಿಚ್‌ನ ಮೀನನ್ನು ಲ್ಯಾಬ್‌ಗೆ ಕಳಿಸಿದಾಗ ಟ್ಯೂನಾ ಡಿಎನ್‌ಎ ಸಿಗಲಿಲ್ಲ. ಆದರೆ ಡಬ್ಬಿಗೆ ತುಂಬುವಾಗ ಮೀನನ್ನು ಬೇಯಿಸುತ್ತಾರೆ, ಆ ಬಿಸಿಗೆ ಡಿಎನ್‌ಎ ಚೂರಾಗುತ್ತದೆ. ಇದ್ದರೂ ಸಿಗದೇ ಹೋಗಬಹುದು. ಕೊನೆಗೆ 2023ರಲ್ಲಿ ಕೇಸು ವಿಚಾರಣೆಯ ಹಂತಕ್ಕೇ ಹೋಗದೆ ಮುಗಿಯಿತು. ಅಷ್ಟು ದೊಡ್ಡ ಕಂಪನಿ, ಅಷ್ಟು ದೊಡ್ಡ ದೇಶ. ಆದರೂ ತಿಂದವರ ಅನುಮಾನ ಪೂರ್ತಿ ಹೋಗಲಿಲ್ಲ. ಮಾಡಿ ಮುಗಿದ ಮೇಲೆ ಪರೀಕ್ಷಿಸುವುದಕ್ಕಿಂತ ಮಾಡುವಾಗಲೇ ಕಣ್ಣಿಗೆ ಕಾಣುವಂತಿದ್ದರೆ ಒಳ್ಳೆಯದು ಎಂದು ನಮಗೆ ಅನ್ನಿಸಿದ್ದು ಇದಕ್ಕೇ. ಅಡುಗೆಮನೆಯ ರಸ್ತೆ ಬದಿಯ ಕಿಟಕಿಗೆ ಗಾಜು ಹಾಕಿಸಿದ್ದೇವೆ. ನಿಂತು ನೋಡಬಹುದು.

ಮೇಯೋನೀಸ್ ನಿಲ್ಲಿಸಿದ್ದಕ್ಕೆ ಕಾರಣ ಬೇರೆ. ಹಸಿ ಮೊಟ್ಟೆಯಿಂದ ಮಾಡಿದ ಮೇಯೋದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಬೆಳೆಯುವ ಅಪಾಯವಿದೆ. ನಮ್ಮ ಬಿಸಿಲಿನಲ್ಲಿ ಹೊರಗಿಟ್ಟರೆ ಇನ್ನೂ ಜಾಸ್ತಿ. ತೆಲಂಗಾಣ ಸರ್ಕಾರ 2024ರ ಅಕ್ಟೋಬರ್ ಕೊನೆಯಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಹಸಿ ಮೊಟ್ಟೆಯ ಮೇಯೋವನ್ನು ಒಂದು ವರ್ಷ ನಿಷೇಧಿಸಿದವು. ನಾವು ಬಳಸುತ್ತಿದ್ದದ್ದು ಮೊಟ್ಟೆ ಇಲ್ಲದ, ಹಸಿರು ಚುಕ್ಕೆಯ ಮೇಯೋ. ಅದರಲ್ಲಿ ಆ ಭಯವಿಲ್ಲ. ಆದರೆ ಲೇಬಲ್ ಓದಿ ನೋಡಿ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಎಂಬುದು ನಿಯಮ. ನಾವು ತರುತ್ತಿದ್ದದ್ದರಲ್ಲಿ ಮೊದಲಿಗೆ ಎಣ್ಣೆ ಮತ್ತು ನೀರು, ಆಮೇಲೆ ಸಕ್ಕರೆ, ಪಿಷ್ಟ, 415 ಎಂಬ ಸಂಕೇತ ಸಂಖ್ಯೆಯ ಗೋಂದು, ಕೆಡದಂತೆ ತಡೆಯುವ 211 ಮತ್ತು 202. ಇವೆಲ್ಲ ಅನುಮತಿ ಇರುವ ಪದಾರ್ಥಗಳೇ. ಆದರೂ ಮಕ್ಕಳು ದಿನಾ ತಿನ್ನುವ ಒಂದು ತಿಂಡಿಗೆ ಇಷ್ಟೆಲ್ಲ ಯಾಕೆ ಬೇಕು ಎಂಬುದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಅದರ ಬದಲು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರಿಗೆ ಬೆಳ್ಳುಳ್ಳಿ, ಮೆಣಸಿನಪುಡಿ, ಸ್ವಲ್ಪ ಸಾಸಿವೆ, ಉಪ್ಪು ಹಾಕುತ್ತೇವೆ. ಮೇಯೋದ ಜಿಡ್ಡು ರುಚಿ ಇಷ್ಟಪಡುವವರಿಗೆ ಇದು ಹುಳಿ ಅನ್ನಿಸಬಹುದು. ಇದು ಬೇಗ ಕೆಡುತ್ತದೆ ಕೂಡ. ಪಾರ್ಸೆಲ್ ಕೊಂಡವರು ದಯವಿಟ್ಟು ಎರಡು ಗಂಟೆಯೊಳಗೆ ತಿನ್ನಿ. ಮಕ್ಕಳ ಟಿಫಿನ್ ಡಬ್ಬಿಗೆ ಬೆಳಿಗ್ಗೆ ಕಟ್ಟಿ ಮಧ್ಯಾಹ್ನಕ್ಕೆ ಕೊಡುವುದಾದರೆ ಮೊಸರು ಇಲ್ಲದ್ದನ್ನೇ ಕೇಳಿ ತೆಗೆದುಕೊಳ್ಳಿ.

ಸಲಾಮಿ ವಿಷಯ ಚಿಕ್ಕದು. ಅದರಲ್ಲಿ ಕೋಳಿ ಮಾಂಸದ ಜೊತೆ ಸೋಯಾ ಪ್ರೋಟೀನ್, ಪಿಷ್ಟ, ಬಣ್ಣ ಉಳಿಸಲು ನೈಟ್ರೈಟ್ ಸೇರುತ್ತವೆ. ಕೋಳಿ ಎಷ್ಟು ಪಾಲು ಎಂದು ನಮ್ಮ ಸರಬರಾಜುದಾರರನ್ನು ಕೇಳಿದೆವು, ಬರೆದು ಕೊಡಲು ಅವರು ಒಪ್ಪಲಿಲ್ಲ. ಹಾಗಾಗಿ ನಿಲ್ಲಿಸಿದೆವು. ಅದರ ಬದಲು ಬೇಯಿಸಿ ಬಿಡಿಸಿದ ಕೋಳಿ ಮತ್ತು ಈರುಳ್ಳಿಯ ಸ್ಯಾಂಡ್‌ವಿಚ್ ಬರುತ್ತದೆ, ಶುಕ್ರವಾರ ಮತ್ತು ಶನಿವಾರ ಮಾತ್ರ. ಅದಕ್ಕೆ ಬೇರೆ ತವಾ, ಬೇರೆ ಚಾಕು.

ಹಸಿರು ಚಟ್ನಿಗೆ ನಾವು ಯಾವತ್ತೂ ಬಣ್ಣ ಹಾಕಿಲ್ಲ, ಹಾಕುವುದೂ ಇಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಆಗ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು. ನಮ್ಮ ಚಟ್ನಿ ಸಂಜೆ ಹೊತ್ತಿಗೆ ಸ್ವಲ್ಪ ಕಪ್ಪಾಗುತ್ತದೆ. ಕೊತ್ತಂಬರಿ, ಪುದೀನಾ ರುಬ್ಬಿಟ್ಟರೆ ಹಾಗೇ ಆಗುವುದು.

ಹೊರಗಿನಿಂದ ಕೊಳ್ಳುವುದರಲ್ಲಿ ಉಳಿಯುವುದು ಎರಡೇ. ಒಂದು ಚೀಸ್ ಸ್ಲೈಸ್. ಅದು ಪ್ರೊಸೆಸ್ಡ್ ಚೀಸ್, ಅನಲಾಗ್ ಅಲ್ಲ. ಅದರಲ್ಲಿ ಎಮಲ್ಸಿಫೈಯರ್ ಮತ್ತು ಪ್ರಿಸರ್ವೇಟಿವ್ ಇವೆ. ಹಾಲು ಒಡೆಯಲು ಬಳಸಿದ್ದು ಮೈಕ್ರೋಬಿಯಲ್ ರೆನೆಟ್ (ಸೂಕ್ಷ್ಮಜೀವಿಗಳಿಂದ ತಯಾರಾದ ಹಾಲು ಒಡೆಯುವ ಕಿಣ್ವ), ಪ್ರಾಣಿಯದ್ದಲ್ಲ ಎಂದು ಪ್ಯಾಕೆಟ್ ಮೇಲಿದೆ. ಸಸ್ಯಾಹಾರಿಗಳು ಇದನ್ನು ಕೇಳುತ್ತಿರುತ್ತೀರಿ. ಇನ್ನೊಂದು ಬ್ರೆಡ್. ನಮ್ಮ ಬೇಕರಿಯವರು ಮೈದಾ, ಸಕ್ಕರೆ, ಉಪ್ಪು, ಈಸ್ಟ್, ಎಣ್ಣೆ ಮತ್ತು ಬೂಸ್ಟು ತಡೆಯುವ 282 ಬಳಸುತ್ತಾರೆ. ಪೊಟ್ಯಾಸಿಯಂ ಬ್ರೋಮೇಟ್ ದೇಶದಲ್ಲಿ 2016ರಿಂದಲೇ ನಿಷೇಧ, ಅವರೂ ಬಳಸುವುದಿಲ್ಲ ಎಂದು ಬರೆದು ಕೊಟ್ಟಿದ್ದಾರೆ. ಬ್ರೌನ್ ಬ್ರೆಡ್ ಸದ್ಯಕ್ಕೆ ಇಡುವುದಿಲ್ಲ. ಪೂರ್ತಿ ಗೋಧಿಯದ್ದು ಸಿಕ್ಕಾಗ ಇಡುತ್ತೇವೆ.

ಕೌಂಟರ್ ಮೇಲಿನ ಗೋಡೆಗೆ ಪ್ರತಿ ಸ್ಯಾಂಡ್‌ವಿಚ್‌ನ ಪೂರ್ತಿ ಪದಾರ್ಥ ಪಟ್ಟಿ ಬರುತ್ತದೆ, ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಶಾಖೆ ಇರುವವರು ಕ್ಯಾಲೊರಿ ಮತ್ತು ಅಲರ್ಜಿ ಮಾಹಿತಿ ಕೊಡಬೇಕು ಎಂಬ ನಿಯಮವಿದೆ. ನಮ್ಮಂಥ ಒಂದೇ ಕೌಂಟರ್‌ನವರಿಗೆ ಅದು ಕಡ್ಡಾಯವಲ್ಲ. ಆದರೆ ಸೋಯಾ, ಹಾಲು, ಗೋಧಿ, ಸಾಸಿವೆ ಆಗದವರಿಗೆ ಅಂಗಡಿ ಚಿಕ್ಕದೋ ದೊಡ್ಡದೋ ಎಂಬುದರಿಂದ ಏನೂ ಬದಲಾಗುವುದಿಲ್ಲ.

ನಿಮಗೊಂದು ಹಕ್ಕಿದೆ, ಅದು ಹೆಚ್ಚು ಜನರಿಗೆ ಗೊತ್ತಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಕೊಂಡ ಆಹಾರವನ್ನು ಗ್ರಾಹಕರೇ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕೊಡುತ್ತೇನೆ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಬೇಕು. ಎಲ್ಲಿ ಬೇಕಾದರೂ ಹೇಳಿ, ನಮ್ಮಲ್ಲೂ ಹೇಳಿ. ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ಬಿಲ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು, ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮನೆಯಲ್ಲಿ ಅಯೋಡಿನ್ ಟೆಸ್ಟ್ ಮಾಡುವ ಆಸೆ ಇರುವ ಮಕ್ಕಳಿಗೆ ಮಸಾಲೆ ಹಚ್ಚದ ಪನೀರ್ ತುಂಡು ಕೇಳಿದರೆ ಕೊಡುತ್ತೇವೆ, ಅದಕ್ಕೆ ದುಡ್ಡು ಬೇಡ.

ಮುಂಗಡ ಕೂಪನ್ ಪುಸ್ತಕ ಕೊಂಡವರು ಚಿಂತೆ ಮಾಡಬೇಡಿ. ಜುಲೈ 31ರ ತನಕ ಹಳೆಯ ಕೂಪನ್‌ಗೆ ಹೆಚ್ಚುವರಿ ಹಣ ಇಲ್ಲದೆ ಹೊಸ ಪನೀರ್ ಸ್ಯಾಂಡ್‌ವಿಚ್ ಕೊಡುತ್ತೇವೆ. ಸಲಾಮಿ ಅಥವಾ ಕಾರ್ನ್ ಮೇಯೋ ಕೂಪನ್ ಇದ್ದರೆ ಬೇರೆ ಯಾವುದಕ್ಕಾದರೂ ಬಳಸಬಹುದು. ಬೇಡವೆಂದರೆ ಉಳಿದ ಹಣ ವಾಪಸ್ ತೆಗೆದುಕೊಳ್ಳಬಹುದು. ಪುಸ್ತಕ ತಂದು ಸಂಜೆ 4ರಿಂದ 6ರೊಳಗೆ ಕೌಂಟರ್‌ನಲ್ಲಿ ಕೊಡಿ.

ಇಂತಿ,
ಸಂಘದ ಎಲ್ಲ ಸದಸ್ಯೆಯರ ಪರವಾಗಿ
ಕಾರ್ಯದರ್ಶಿ